ಸೊಮಾಲಿಯಾ: ಬರ, ಅಂತರ್ಯುದ್ಧ ಮತ್ತು ನೆರವು

ಆಫ್ರಿಕದ ಕೊಂಬು ಎನಿಸಿಕೊಂಡ ಭೂಭಾಗದ ಅಂಚಿನಲ್ಲಿರುವ ದೇಶ ಸೊಮಾಲಿಯಾ. ಬರಗಾಲವೂ ಅಂತರ್ಯುದ್ಧವೂ ಒಂದೇ ನೆಲದ ಮೇಲೆ ಬಿದ್ದಾಗ ಮಾನವೀಯ ನೆರವು ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಅರಿಯಲು ಇದಕ್ಕಿಂತ ದೀರ್ಘವಾದ ಅನುಭವ ಬೇರೆಡೆ ಸಿಗುವುದು ಅಪರೂಪ. 1991–92ರಲ್ಲಿ ಇಲ್ಲಿ ಕ್ಷಾಮ ಬಿತ್ತು. 2011ರಲ್ಲಿ ಮತ್ತೆ ಬಿತ್ತು. 2017ರಲ್ಲಿ ಬಾಗಿಲವರೆಗೆ ಬಂದು ಹಿಂದಿರುಗಿತು. 2022ರಲ್ಲಿ ಕ್ಷಾಮವೆಂಬ ಘೋಷಣೆ ಆಗಲಿಲ್ಲವಾದರೂ ಹತ್ತಾರು ಸಾವಿರ ಜನ ಸತ್ತರು. ಈ ನಾಲ್ಕೂ ಸಲ ಮಳೆ ಕೈಕೊಟ್ಟಿತ್ತು. ಆದರೆ ಸತ್ತವರ ಲೆಕ್ಕ ಮಳೆಯ ಲೆಕ್ಕವನ್ನು ಅನುಸರಿಸಲಿಲ್ಲ. ದಾರಿಯಲ್ಲಿ ಬಂದೂಕು ಹಿಡಿದು ನಿಂತವರು ಯಾರು, ಧಾನ್ಯದ ಮೂಟೆ ಯಾರ ಕೈ ದಾಟಿ ಬರಬೇಕಿತ್ತು, ದೂರದ ರಾಜಧಾನಿಗಳಲ್ಲಿ ಹಣ ಮಂಜೂರಾದದ್ದು ಯಾವಾಗ, ಇವು ಸಾವಿನ ಸಂಖ್ಯೆಯನ್ನು ನಿರ್ಧರಿಸಿದವು. ಹಸಿದವನ ಬಾಯಿ ಸೇರುವ ಮೊದಲೇ ಇನ್ನೊಬ್ಬ ಕಸಿದುಕೊಳ್ಳಲಾಗದ ಅನ್ನ ಯಾವುದು ಎಂಬ ಹುಡುಕಾಟವೇ ಇಲ್ಲಿನ ನೆರವಿನ ಚರಿತ್ರೆ ಎಂದರೂ ಸಲ್ಲುತ್ತದೆ.

ನೆಲ, ಮಳೆ, ಜೋಳ

ಸೊಮಾಲಿಗಳ ವರ್ಷಕ್ಕೆ ನಾಲ್ಕು ಕಾಲ. ಏಪ್ರಿಲಿನಿಂದ ಜೂನ್‌ವರೆಗಿನ ದೊಡ್ಡ ಮಳೆಗೆ ‘ಗು’ ಎಂದೂ ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಸಣ್ಣ ಮಳೆಗೆ ‘ದೆಯ್ರ್’ ಎಂದೂ ಹೆಸರು. ನಮ್ಮ ಮುಂಗಾರು–ಹಿಂಗಾರುಗಳಂತೆಯೇ ಇವು ರೈತನ ಎರಡು ಆಸರೆ. ಇವುಗಳ ನಡುವೆ ‘ಹಗಾ’ ಮತ್ತು ‘ಜಿಲಾಲ್’ ಎಂಬ ಎರಡು ಒಣಗಾಲಗಳು. ಜನವರಿಯಿಂದ ಮಾರ್ಚ್‌ವರೆಗಿನ ಜಿಲಾಲ್ ತೀರ ಕಠಿಣ. ದೇಶದ ಬಹುಭಾಗದಲ್ಲಿ ವರ್ಷದ ಮಳೆ 500 ಮಿ.ಮೀ. ಮುಟ್ಟುವುದಿಲ್ಲ. ಜೂಬಾ ಮತ್ತು ಶಬೆಲ್ಲೆ ಎಂಬ ಎರಡೇ ದೊಡ್ಡ ನದಿಗಳು, ಎರಡೂ ಇಥಿಯೋಪಿಯದ ಎತ್ತರದ ನೆಲದಲ್ಲಿ ಹುಟ್ಟಿ ಬರುವಂಥವು. ಹಿಂದೂ ಮಹಾಸಾಗರದ ಮೇಲ್ಮೈ ಉಷ್ಣತೆ ಪಶ್ಚಿಮದಲ್ಲಿ ಏರಿದರೆ ಇಲ್ಲಿ ನೆರೆ, ಪೂರ್ವದಲ್ಲಿ ಏರಿದರೆ ಬರ. ನಮ್ಮ ಮುಂಗಾರಿನ ಮುನ್ಸೂಚನೆಯಲ್ಲಿ ಹವಾಮಾನ ತಜ್ಞರು ಹೆಸರಿಸುವ ಹಿಂದೂ ಮಹಾಸಾಗರದ ದ್ವಿಧ್ರುವ ಇದೇ.

ಜನರಲ್ಲಿ ದೊಡ್ಡ ಪಾಲು ಒಂಟೆ, ಮೇಕೆ, ಕುರಿ, ದನಗಳ ಹಿಂದೆ ನಡೆಯುವ ಅಲೆಮಾರಿಗಳು. ಎರಡು ನದಿಗಳ ನಡುವಿನ ಬೇ ಪ್ರಾಂತ್ಯ ಮಾತ್ರ ಬೇರೆ ಬಗೆಯದು. ಅದು ಜೋಳದ ಸೀಮೆ. ಅಲ್ಲಿನ ರಹನ್ವೇಯ್ನ್ ಒಕ್ಕಲಿಗರು ಜೋಳವನ್ನು ‘ಬಕಾರ್’ ಎಂಬ ನೆಲದಡಿಯ ಗುಂಡಿಗಳಲ್ಲಿ ತುಂಬಿ, ಮಣ್ಣು ಮುಚ್ಚಿ, ಕೆಟ್ಟ ವರ್ಷಕ್ಕೆ ಕಾದಿಡುತ್ತಾರೆ. ಉತ್ತರ ಕರ್ನಾಟಕದ ಹಗೇವು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋಳದ ಅಥವಾ ಮೆಕ್ಕೆಜೋಳದ ಹಿಟ್ಟನ್ನು ಮುದ್ದೆಯಂತೆ ಗಟ್ಟಿಯಾಗಿ ಕುದಿಸಿದ ‘ಸೂರ್’ ಅಲ್ಲಿನ ಊಟ. ಸೊಮಾಲಿಯಾದ ಎರಡೂ ದೊಡ್ಡ ಕ್ಷಾಮಗಳು ಹೆಚ್ಚು ಜನರನ್ನು ಕೊಂದದ್ದು ಮರಳುಗಾಡಿನಲ್ಲಲ್ಲ, ದೇಶದ ಕಣಜವಾದ ಈ ಎರಡು ನದಿಗಳ ಸೀಮೆಯಲ್ಲೇ.

ಬರ ಬಂದಾಗ ಮೊದಲು ದನ ಬೀಳುತ್ತವೆ, ಆಮೇಲೆ ಕುರಿ–ಮೇಕೆ, ಕಡೆಗೆ ಒಂಟೆ. ಆದರೆ ಜಾನುವಾರು ಸಾಯುವ ಮುನ್ನವೇ ಸಂತೆಯಲ್ಲಿ ಕುಟುಂಬ ಸೋತಿರುತ್ತದೆ. ಎಲ್ಲರೂ ಒಟ್ಟಿಗೆ ಮಾರಲು ಬರುವುದರಿಂದ ಬಡಕಲು ಮೇಕೆಯ ಬೆಲೆ ಕುಸಿಯುತ್ತದೆ, ಜೋಳದ ಬೆಲೆ ಏರುತ್ತದೆ. ಒಂದು ಮೇಕೆಗೆ ಎಷ್ಟು ಕಿಲೊ ಜೋಳ ಸಿಗುತ್ತದೆ ಎಂಬುದನ್ನು ಅಲ್ಲಿನ ಆಹಾರ ಭದ್ರತಾ ಘಟಕ ತಿಂಗಳು ತಿಂಗಳು ದಾಖಲಿಸುತ್ತದೆ. ಹಸಿವಿನ ಮೊದಲ ಸುಳಿವು ಕಾಣುವುದು ಈ ಲೆಕ್ಕದಲ್ಲಿ. ಅಂಗಡಿಯಲ್ಲಿ ಕಾಳು ಇದ್ದರೂ ಕೊಳ್ಳುವ ಶಕ್ತಿ ಅಳಿದಾಗ ಜನ ಸಾಯುತ್ತಾರೆಂದು ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ಬಂಗಾಳ, ಇಥಿಯೋಪಿಯಾಗಳ ಕ್ಷಾಮಗಳನ್ನು ಮುಂದಿಟ್ಟು ತೋರಿಸಿದ್ದು ಇಲ್ಲಿಗೂ ಸರಿಹೊಂದುತ್ತದೆ. ಒಂದು ತಿದ್ದುಪಡಿ ಬೇಕು: ಸೊಮಾಲಿಯಾದಲ್ಲಿ ಕೊಳ್ಳುವ ಶಕ್ತಿ ಸಂತೆಯಲ್ಲಿ ತಾನಾಗಿ ಕರಗಿದ್ದಕ್ಕಿಂತ ಬಂದೂಕಿನ ತುದಿಯಲ್ಲಿ ಸುಲಿಗೆಯಾದದ್ದು ಹೆಚ್ಚು.

ಹೆಸರುಳ್ಳ ಬರಗಳು

ಸೊಮಾಲಿಗಳು ಬರಗಳಿಗೆ ಹೆಸರಿಡುತ್ತಾರೆ. ಬಳ್ಳಾರಿ–ಧಾರವಾಡ ಸೀಮೆಯಲ್ಲಿ 1791–92ರ ‘ಡೋಗಿ ಬರ’ ತಲೆಮಾರುಗಳ ನೆನಪಿನಲ್ಲಿ ಉಳಿದಂತೆ ಅಲ್ಲಿ 1911–12ರ ‘ಹಾರಾಮೆ ಉನೆ’ ಉಳಿದಿದೆ. ನಿಷಿದ್ಧವಾದದ್ದನ್ನೂ ತಿಂದ ಕಾಲ ಎಂದು ಅದರ ಅರ್ಥ. ಎರಡೂ ಬರಗಳು ಯುದ್ಧದ ಬೆನ್ನಿಗೇ ಬಂದವು ಎಂಬುದು ಗಮನಿಸಬೇಕಾದ ಮಾತು: ನಮ್ಮದು ಮೂರನೆಯ ಮೈಸೂರು ಯುದ್ಧದ ದಿನಗಳದು, ಅವರದು ಬ್ರಿಟಿಷರಿಗೆದುರಾಗಿ ದರ್ವೇಶರೆಂಬ ಸೊಮಾಲಿ ಬಂಡುಕೋರರು ನಡೆಸಿದ ಹೋರಾಟದ ದಿನಗಳದು.

1974–75ರದು ‘ದಬದೇರ್’, ಉದ್ದ ಬಾಲದ ಬರ. ಆಗ ಸಿಯಾದ್ ಬರ್ರೆಯ ಸೈನಿಕ ಸರ್ಕಾರವಿತ್ತು. ಸರ್ವಾಧಿಕಾರವೇ ಆದರೂ ಸರ್ಕಾರವೆಂಬುದು ಒಂದಿತ್ತು. ಸೊಮಾಲಿ ಭಾಷೆಗೆ 1972ರಲ್ಲಷ್ಟೇ ಲಿಪಿ ಗೊತ್ತುಮಾಡಿ, 1974ರಲ್ಲಿ ಶಾಲೆಗಳನ್ನು ಒಂದು ವರ್ಷ ಮುಚ್ಚಿ, ಸುಮಾರು 25,000 ವಿದ್ಯಾರ್ಥಿಗಳು ಮತ್ತು ಉಪಾಧ್ಯಾಯರನ್ನು ಅಕ್ಷರ ಕಲಿಸಲು ಹಳ್ಳಿಗಾಡಿಗೆ ಕಳುಹಿಸಲಾಗಿತ್ತು. ಬರ ಬಿಗಿಯಾದಂತೆ ಅದೇ ಹುಡುಗರು ಶಿಬಿರ ನಡೆಸುವ, ತಲೆ ಎಣಿಸುವ, ಗಂಜಿ ಹಂಚುವ ಪಡೆಯಾದರು. ಸೋವಿಯತ್ ವಿಮಾನ ಮತ್ತು ಲಾರಿಗಳಲ್ಲಿ ಸುಮಾರು ಒಂದು ಲಕ್ಷ ಅಲೆಮಾರಿಗಳನ್ನು ದಕ್ಷಿಣದ ಹೊಲಗಳಿಗೂ ಕರಾವಳಿಯ ಮೀನುಗಾರಿಕೆ ಊರುಗಳಿಗೂ ಸಾಗಿಸಿದರು. ಒಂಟೆ ಕಾಯ್ದವನ ಕೈಗೆ ಬಲೆ ಕೊಟ್ಟ ಆ ಪ್ರಯೋಗ ಬಹುಕಾಲ ನಿಲ್ಲಲಿಲ್ಲ; ಮಳೆ ಬಂದೊಡನೆ ಅನೇಕ ಗಂಡಸರು ಹಿಂಡು ಕಟ್ಟಲು ಹೊರಟುಹೋದರು. ಆದರೂ ನಂತರದ ಕ್ಷಾಮಗಳ ಪಕ್ಕದಲ್ಲಿಟ್ಟು ನೋಡಿದರೆ ದಬದೇರ್‌ನಲ್ಲಿ ಸತ್ತವರು ಎಷ್ಟೋ ಕಡಿಮೆ.

1991–92: ಕಣಜ ಬರಿದಾದ ಬಗೆ

1991ರ ಜನವರಿಯಲ್ಲಿ ಬರ್ರೆ ಮೊಗದಿಶುವಿನಿಂದ ಓಡಿಹೋದ. ರಾಜಧಾನಿ ಕುಲಕುಲಗಳ ಸೇನೆಗಳ ಪಾಲಾಯಿತು. ಬರ್ರೆಯ ಅಳಿಯ ಮೋರ್ಗನ್ ಎಂಬ ಸೇನಾನಿಯ ಪಡೆಗಳೂ ಅವುಗಳ ಎದುರಾಳಿಗಳೂ ಎರಡು ನದಿಗಳ ನಡುವಿನ ಸೀಮೆಯನ್ನು ಮೇಲಿಂದ ಮೇಲೆ ತುಳಿದವು. ಬಕಾರ್‌ಗಳನ್ನು ಅಗೆದು ಜೋಳ ಹೊತ್ತೊಯ್ದರು, ದನ ಹೊಡೆದುಕೊಂಡು ಹೋದರು, ಬಾವಿ ಹಾಳುಮಾಡಿದರು. ರಹನ್ವೇಯ್ನರಿಗೂ ನದಿ ದಂಡೆಯ ಬಂಟು ಒಕ್ಕಲಿಗರಿಗೂ ದೊಡ್ಡ ಕುಲಗಳಿಗಿದ್ದಂಥ ಸೇನೆ ಇರಲಿಲ್ಲ. ಬೈಡೋವಾ, ಬರ್ಡೇರಾ, ಕಿಸ್ಮಾಯೊಗಳ ನಡುವಿನ ತ್ರಿಕೋನಕ್ಕೆ ಸಾವಿನ ತ್ರಿಕೋನವೆಂಬ ಹೆಸರು ಬಿತ್ತು. ಅದಕ್ಕೆ ಸರಿಯಾಗಿ ಮಳೆಯೂ ಕೈಕೊಟ್ಟಿತು. ಸತ್ತವರು ಎರಡು ಲಕ್ಷಕ್ಕೂ ಹೆಚ್ಚು ಎಂಬುದು ಅಂದಾಜು. ಹಸಿವಿಗಿಂತ ಹೆಚ್ಚಾಗಿ, ಹಸಿವು ಕೃಶ ಮಾಡಿದ ಮಕ್ಕಳನ್ನು ದಡಾರ ಮತ್ತು ಭೇದಿ ಕೊಂದವು. ಕ್ಷಾಮಗಳಲ್ಲೆಲ್ಲ ಇದು ಹೀಗೆಯೇ. ದಡಾರದ ಲಸಿಕೆ ಕಾಳಿನಷ್ಟೇ ತುರ್ತಾದ ನೆರವೆಂಬುದು ಶಿಬಿರಗಳಲ್ಲಿ ಸಾವು ಎಣಿಸಿದವರು ಕಂಡುಕೊಂಡ ಪಾಠ.

ವಿಶ್ವಸಂಸ್ಥೆ ತಡಮಾಡಿತು. ಅದರ ಬಹುತೇಕ ಸಿಬ್ಬಂದಿ 1991ರಲ್ಲಿ ದೇಶ ಬಿಟ್ಟಿದ್ದರು. 1992ರ ಏಪ್ರಿಲ್‌ನಲ್ಲಿ ಭದ್ರತಾ ಮಂಡಳಿ 751ನೇ ನಿರ್ಣಯದ ಮೂಲಕ ಮೊದಲ ಕಾರ್ಯಾಚರಣೆಗೆ ಒಪ್ಪಿಗೆ ಕೊಟ್ಟಿತು. ಪ್ರತಿನಿಧಿಯಾಗಿ ಬಂದ ಅಲ್ಜೀರಿಯದ ರಾಜತಂತ್ರಜ್ಞ ಮೊಹಮ್ಮದ್ ಸಹನೂನ್ ಕುಲಗಳ ಹಿರಿಯರೊಡನೆ ಕೂತು ಮಾತಾಡಿ ದಾರಿ ಬಿಡಿಸುವ ಪದ್ಧತಿ ಹಿಡಿದರು. ತಮ್ಮದೇ ಸಂಸ್ಥೆಯ ನಿಧಾನವನ್ನು ಬಹಿರಂಗವಾಗಿ ಟೀಕಿಸಿ ಅಕ್ಟೋಬರಿನಲ್ಲಿ ಹುದ್ದೆ ಬಿಟ್ಟರು. ಅವರು ಇನ್ನಷ್ಟು ಕಾಲ ಇದ್ದಿದ್ದರೆ ಮುಂದಿನ ವರ್ಷದ ರಕ್ತಪಾತ ತಪ್ಪುತ್ತಿತ್ತು ಎಂದು ನಂಬುವವರಿದ್ದಾರೆ. ಈ ಲೇಖಕನೂ ಆ ಪಕ್ಷದವನೇ.

ಮೂಟೆಯಿಂದ ಗಂಜಿಗೆ

ಹೊರಗಿನವರು ಬಿಟ್ಟುಹೋದ ಆ ದಿನಗಳಲ್ಲಿ ಉಳಿದದ್ದು ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ, ಅದರ ಜೊತೆಗಾರ ಸೊಮಾಲಿ ರೆಡ್ ಕ್ರೆಸೆಂಟ್ ಮತ್ತು ಬೆರಳೆಣಿಕೆಯ ಸ್ವಯಂಸೇವಾ ಸಂಸ್ಥೆಗಳು. ಹಡಗಿನಿಂದ ಇಳಿದ ಅಕ್ಕಿಯ ಮೂಟೆ ಅಂದು ನಡೆದಾಡುವ ನಾಣ್ಯ. ಬಂದರಿನಲ್ಲಿ ಒಬ್ಬ ಸುಂಕ ಕೇಳುತ್ತಿದ್ದ, ಲಾರಿ ಮಾಲೀಕ ಬಾಡಿಗೆ ಏರಿಸುತ್ತಿದ್ದ, ತಡೆಗೋಲುಗಳಲ್ಲಿ ಒಂದೊಂದು ಪಾಲು ಇಳಿಯುತ್ತಿತ್ತು, ಉಳಿದದ್ದನ್ನು ಹಂಚಿದ ರಾತ್ರಿಯೇ ಗುಡಿಸಲಿಗೆ ನುಗ್ಗಿ ಎತ್ತಿಕೊಂಡು ಹೋಗುತ್ತಿದ್ದರು. ಕಾವಲಿಗೆ ಬಂದೂಕಿನವರನ್ನೇ ಸಂಬಳ ಕೊಟ್ಟು ಇಟ್ಟುಕೊಳ್ಳದೆ ಗತ್ಯಂತರವಿರಲಿಲ್ಲ. ಆಯುಧವಿಲ್ಲದ ತಟಸ್ಥತೆಯೇ ಧರ್ಮವೆಂದು 1863ರಿಂದ ನಡೆದುಬಂದ ರೆಡ್ ಕ್ರಾಸ್‌ಗೆ ಇದು ನುಂಗಲಾರದ ತುತ್ತು. ಈ ಖರ್ಚನ್ನು ಲೆಕ್ಕಪತ್ರದಲ್ಲಿ ‘ತಾಂತ್ರಿಕ ಸಹಾಯ’ ಎಂದು ಬರೆಯುತ್ತಿದ್ದುದರಿಂದಲೇ ಮೆಷಿನ್‌ಗನ್ ಹೂಡಿದ ಪಿಕಪ್ ವಾಹನಗಳಿಗೆ ‘ಟೆಕ್ನಿಕಲ್’ ಎಂಬ ಹೆಸರು ಬಂತೆಂದು ಹೇಳುವುದುಂಟು.

ಇದಕ್ಕೆ ರೆಡ್ ಕ್ರಾಸ್ ಕಂಡುಕೊಂಡ ಉಪಾಯ ಒಲೆ. ಕಾಳು ಹಂಚುವ ಬದಲು ಬೇಯಿಸಿ ಹಂಚಿದರೆ? ಬೆಂದ ಗಂಜಿಯನ್ನು ಯಾರೂ ಉಗ್ರಾಣದಲ್ಲಿ ಕೂಡಿಡಲಾರರು, ಗಡಿ ದಾಟಿಸಿ ಮಾರಲಾರರು. ಹೊಟ್ಟೆ ತುಂಬಿದವನು ಬಿಸಿಲಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲುವುದೂ ಇಲ್ಲ. ಹೀಗಾಗಿ ಅರ್ಹರನ್ನು ಆರಿಸುವ ಕೆಲಸವನ್ನು ಸಾಲೇ ಮಾಡುತ್ತದೆ. 1992ರಲ್ಲಿ ಇಂಥ 900ಕ್ಕೂ ಹೆಚ್ಚು ಅಡುಗೆಮನೆಗಳು ದಕ್ಷಿಣ ಮತ್ತು ಮಧ್ಯ ಸೊಮಾಲಿಯಾದಲ್ಲಿ ಹೊತ್ತಿ, 10 ಲಕ್ಷಕ್ಕೂ ಹೆಚ್ಚು ಜನರಿಗೆ ದಿನವೂ ಉಣಿಸಿದವು. ಒಲೆ ನೋಡಿಕೊಂಡವರು ಹೆಚ್ಚಿನಂಶ ಸ್ಥಳೀಯ ಹೆಂಗಸರು. ಬರ ಮತ್ತು ನೆರೆಯ ಕಾಲದಲ್ಲಿ ನಮ್ಮ ತಹಸೀಲ್ದಾರರು ತೆರೆಯುವ ಗಂಜಿ ಕೇಂದ್ರದ ತತ್ವವೇ ಇದು, ಆದರೆ ಸುತ್ತ ಗುಂಡು ಹಾರುತ್ತಿದ್ದ ನೆಲದಲ್ಲಿ.

ಗಂಜಿಗೂ ದೋಷವಿತ್ತು. ಒಲೆ ಇದ್ದ ಕಡೆಗೆ ಜನ ಹೊಲ ಬಿಟ್ಟು ಬರಬೇಕಾಯಿತು. ಬಂದವರ ಗುಂಪಿನಲ್ಲಿ ಸೋಂಕು ಹಬ್ಬಿತು. ಊರಿನಲ್ಲಿ ಬಿತ್ತನೆ ನಿಂತಿತು. ಆದ್ದರಿಂದ ಇನ್ನೆರಡು ಉಪಾಯಗಳನ್ನೂ ಜೊತೆಗಿಟ್ಟರು. ಒಂದು, ಕಡಿಮೆ ಬೆಲೆಯ, ದೋಚುವವನಿಗೆ ಆಸೆ ಹುಟ್ಟಿಸದ ಧಾನ್ಯವನ್ನು ಹಳ್ಳಿಗೇ ಒಯ್ಯುವುದು. ಮತ್ತೊಂದು, ನೆರವಿನ ಧಾನ್ಯದ ಒಂದಂಶವನ್ನು ವ್ಯಾಪಾರಿಗಳಿಗೇ ಮಾರಿ ಸಂತೆಯ ಬೆಲೆ ಇಳಿಸುವುದು. ಬೆಲೆ ಇಳಿದರೆ ಮೂಟೆ ಕದಿಯುವ ಲಾಭವೂ ಇಳಿಯುತ್ತದೆ.

ಸೇನೆಯ ನೆರವು

ದೋಚಲಾಗದ ಅನ್ನ ಯಾವುದೆಂದು ಯೋಚಿಸುವ ಬದಲು ದೋಚುವವನನ್ನೇ ತಡೆಯೋಣವೆಂದು ಹೊರಟದ್ದು ಅಮೆರಿಕ. ಬೈಡೋವಾದ ಮಕ್ಕಳ ಚಿತ್ರಗಳು ಟಿವಿಯಲ್ಲಿ ಬಂದಿದ್ದವು. ಸೆಪ್ಟೆಂಬರಿನಲ್ಲಿ ಯುನಿಸೆಫ್ ಪರವಾಗಿ ನಟಿ ಆಡ್ರಿ ಹೆಪ್‌ಬರ್ನ್ ಹೋಗಿ ಬಂದಿದ್ದರು. 1992ರ ಡಿಸೆಂಬರ್ 9ರ ಬೆಳಗಿನ ಜಾವ ನೌಕಾಪಡೆಯವರು ಮೊಗದಿಶುವಿನ ಕಡಲತೀರದಲ್ಲಿ ಇಳಿದಾಗ ಅವರನ್ನು ಎದುರುಗೊಂಡದ್ದು ಕ್ಯಾಮೆರಾ ದೀಪಗಳು. ಅಮೆರಿಕದ ಮುಂದಾಳತ್ವದ ಆ ಪಡೆಯಲ್ಲಿ ಬಲ ಕೂಡಿದಾಗ ಸುಮಾರು 37,000 ಸೈನಿಕರಿದ್ದರು. ದಾರಿಗಳು ತೆರೆದವು, ಬೆಂಗಾವಲಿನ ಲಾರಿಗಳು ಒಳನಾಡು ಮುಟ್ಟಿದವು. ಆದರೆ ಸಾವಿನ ಅಲೆ ಅದಾಗಲೇ ತನ್ನ ತುದಿ ಮುಟ್ಟಿ ಇಳಿಯುತ್ತಿತ್ತೆಂದು ಅನೇಕ ಅಧ್ಯಯನಕಾರರ ಅಭಿಪ್ರಾಯ.

ಮುಂದಿನ ಕಥೆ ಬೇಗ ಕೆಟ್ಟಿತು. 1993ರ ಜೂನ್ 5ರಂದು ವಿಶ್ವಸಂಸ್ಥೆಯ 24 ಪಾಕಿಸ್ತಾನಿ ಶಾಂತಿಪಾಲಕರು ಹತರಾದರು. ವಿಶ್ವಸಂಸ್ಥೆ ಒಬ್ಬ ಸೇನಾನಾಯಕನ ಬೇಟೆಗೆ ಇಳಿಯಿತು. ಅಕ್ಟೋಬರ್ 3–4ರ ಕಾಳಗದಲ್ಲಿ 18 ಅಮೆರಿಕನ್ ಸೈನಿಕರೂ ನೂರಾರು ಸೊಮಾಲಿಗಳೂ ಸತ್ತರು. ನೆರವಿಗೆ ಬಂದವರು ಜಗಳದ ಒಂದು ಪಕ್ಷವಾಗಿಬಿಟ್ಟಿದ್ದರು. 1995ರ ಮಾರ್ಚ್‌ನಲ್ಲಿ ಕೊನೆಯ ಪಡೆಯೂ ಹೊರಟಿತು.

ವಿಶ್ವಸಂಸ್ಥೆಯ ಈ ಕಾರ್ಯಾಚರಣೆಯಲ್ಲಿ ಭಾರತವೂ ಇತ್ತು. ಸುಮಾರು 5,000 ಜನರಿದ್ದ ಭಾರತೀಯ ಸೇನೆಯ 66ನೇ ಸ್ವತಂತ್ರ ಬ್ರಿಗೇಡ್ 1993ರ ಕೊನೆಯ ಭಾಗದಿಂದ 1994ರ ಡಿಸೆಂಬರ್‌ವರೆಗೆ ಬೈಡೋವಾ, ಬರ್ಡೇರಾ ಸೀಮೆಯಲ್ಲಿತ್ತು. ನೆರವಿನ ಲಾರಿಗಳಿಗೆ ಬೆಂಗಾವಲು ಹೋಗುವುದರ ಜೊತೆಗೆ ಬಾವಿ ತೋಡಿ, ದನಗಳಿಗೆ ಮದ್ದು ಕೊಟ್ಟು, ಹಿರಿಯರೊಡನೆ ಕೂತು ಮಾತಾಡುವ ರೂಢಿ ಅವರದು. ಹಾಗಿದ್ದೂ 1994ರ ಆಗಸ್ಟ್‌ನಲ್ಲಿ ಹೊಂಚುದಾಳಿಯೊಂದರಲ್ಲಿ ಏಳು ಯೋಧರೂ, ಕೆಲವೇ ದಿನಗಳ ನಂತರ ಬೈಡೋವಾದಲ್ಲಿ ಮೂವರು ಸೇನಾ ವೈದ್ಯರೂ ಪ್ರಾಣ ತೆತ್ತರು.

ಹಸಿವಿನ ಅಳತೆಗೋಲು

ಕ್ಷಾಮವೆಂದು ಯಾವಾಗ ಕರೆಯಬೇಕು? ಈ ಪ್ರಶ್ನೆಗೆ ಆಡಳಿತದ ಭಾಷೆಯಲ್ಲಿ ಉತ್ತರ ಬರೆದ ಮೊದಲ ಪ್ರಯತ್ನಗಳಲ್ಲೊಂದು ನಮ್ಮ ನೆಲದ ದುರಂತದಿಂದ ಹುಟ್ಟಿದ್ದು. 1876–78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ನಲುಗಿದ ಪರಿ ಎಷ್ಟೆಂದರೆ, 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಆ ಬಳಿಕ ನೇಮಕವಾದ ಆಯೋಗದ 1880ರ ವರದಿಯಿಂದ ಕ್ಷಾಮ ಸಂಹಿತೆಗಳು ರೂಪುಗೊಂಡವು: ಧಾನ್ಯದ ಬೆಲೆ ಏರಿಕೆ, ಗುಳೆ ಹೋಗುವವರ ಸಂಖ್ಯೆ, ದನಗಳ ಸಾವು ಇವನ್ನೆಲ್ಲ ಲಕ್ಷಣಗಳಾಗಿ ನೋಡಿ ಪರಿಹಾರದ ಕಾಮಗಾರಿ ತೆರೆಯುವ ಕ್ರಮ.

ಇಂದು ಜಗತ್ತು ಬಳಸುವ ಅಳತೆಗೋಲು ಹುಟ್ಟಿದ್ದು ಸೊಮಾಲಿಯಾದಲ್ಲೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಡಿಯ ಅಲ್ಲಿನ ಘಟಕ 2004ರಲ್ಲಿ ರೂಪಿಸಿದ ಐದು ಹಂತಗಳ ವರ್ಗೀಕರಣ, ‘ಐಪಿಸಿ’ ಎಂಬ ಹೆಸರಿನಲ್ಲಿ ಬೇರೆ ದೇಶಗಳಿಗೂ ಹರಡಿತು. ಐದನೆಯ ಹಂತವೇ ಕ್ಷಾಮ. ಅದಕ್ಕೆ ಮೂರು ಷರತ್ತು: ಕನಿಷ್ಠ ಶೇ. 20 ಕುಟುಂಬಗಳಿಗೆ ಆಹಾರದ ತೀವ್ರ ಅಭಾವ, ಶೇ. 30ಕ್ಕೂ ಹೆಚ್ಚು ಮಕ್ಕಳಲ್ಲಿ ತೀಕ್ಷ್ಣ ಅಪೌಷ್ಟಿಕತೆ, ದಿನಕ್ಕೆ 10,000 ಜನರಲ್ಲಿ ಇಬ್ಬರ ಸಾವು. ಮೂರನೆಯ ಷರತ್ತು ತುಂಬಬೇಕಾದರೆ ಜನ ಅದಾಗಲೇ ಸತ್ತಿರಬೇಕು. ಕ್ಷಾಮದ ಘೋಷಣೆ ಎಚ್ಚರಿಕೆಯ ಗಂಟೆಯಲ್ಲ, ಮರಣ ಪ್ರಮಾಣಪತ್ರ. ಈ ಸೂಕ್ಷ್ಮವನ್ನು ಮರೆತದ್ದಕ್ಕೆ 2011ರಲ್ಲಿ ಬೆಲೆ ತೆರಬೇಕಾಯಿತು.

ಮಗುವಿನ ಮಟ್ಟದಲ್ಲಿ ಅಳತೆ ಇನ್ನೂ ಸರಳ. ಹಸಿರು, ಹಳದಿ, ಕೆಂಪು ಬಣ್ಣದ ಒಂದು ಪಟ್ಟಿಯನ್ನು ತೋಳಿನ ನಡುಭಾಗಕ್ಕೆ ಸುತ್ತುತ್ತಾರೆ, ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಾದರೆ ಕೆಂಪು. ಹಿಂದೆ ಅಂಥ ಮಗುವನ್ನು ವಾರಗಟ್ಟಲೆ ಆಸ್ಪತ್ರೆಯಲ್ಲಿಟ್ಟು ಹಾಲಿನ ಪುಡಿಯ ದ್ರಾವಣ ಕುಡಿಸಬೇಕಿತ್ತು. 1996ರಲ್ಲಿ ಫ್ರಾನ್ಸಿನ ವೈದ್ಯ ಆಂದ್ರೆ ಬ್ರಿಯಾಂ ಮತ್ತು ಉದ್ಯಮಿ ಮಿಷೆಲ್ ಲೆಸ್ಕಾನ್ ಸೇರಿ ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವಗಳನ್ನು ಅರೆದು ಒಂದು ಲೇಹ ಮಾಡಿದರು. 92 ಗ್ರಾಂ ಪೊಟ್ಟಣದಲ್ಲಿ 500 ಕ್ಯಾಲೊರಿ. ನೀರು ಬೆರೆಸಬೇಕಿಲ್ಲವಾದ್ದರಿಂದ ಕೊಳಕು ನೀರಿನ ಭಯವಿಲ್ಲ. ತಾಯಿ ಮನೆಯಲ್ಲೇ ತಿನ್ನಿಸಬಹುದು. ಬಂದೂಕಿನ ದಾರಿಯಲ್ಲಿ ವಾರಕ್ಕೊಮ್ಮೆ ಮಾತ್ರ ಆಸ್ಪತ್ರೆ ಮುಟ್ಟಬಲ್ಲ ತಾಯಂದಿರಿಗೆ ಇದು ತಂದ ಬದಲಾವಣೆ ಚಿಕ್ಕದಲ್ಲ.

2011: ತಿಳಿದೂ ತಡವಾದ ನೆರವು

2010ರ ಕೊನೆಯ ಮಳೆ ಕೈಕೊಟ್ಟಿತು, 2011ರ ಗು ಮಳೆಯೂ ಹೋಯಿತು. ಬೈಡೋವಾ ಸಂತೆಯಲ್ಲಿ ಕೆಂಪು ಜೋಳದ ಬೆಲೆ ಒಂದೇ ವರ್ಷದಲ್ಲಿ ಮೂರು ಪಟ್ಟು ಮೀರಿತು. ಮುನ್ನೆಚ್ಚರಿಕೆ ನೀಡುವ ಸಂಸ್ಥೆಗಳು 2010ರ ಆಗಸ್ಟ್‌ನಿಂದಲೇ ಹತ್ತಾರು ಪ್ರಕಟಣೆ ಹೊರಡಿಸಿದ್ದವು. ಹಣ ಮಾತ್ರ ಹರಿಯಲಿಲ್ಲ.

ಕಾರಣ ಎರಡೂ ಕಡೆಗಿತ್ತು. ದಕ್ಷಿಣದ ಬಹುಭಾಗ ಅಲ್-ಶಬಾಬ್ ಎಂಬ ಇಸ್ಲಾಮಿ ಉಗ್ರಗಾಮಿ ಗುಂಪಿನ ಹಿಡಿತದಲ್ಲಿತ್ತು. ನೆರವಿನ ಸಂಸ್ಥೆಗಳು ಶುಲ್ಕ ಕಟ್ಟಬೇಕು, ಹೆಂಗಸರನ್ನು ಕೆಲಸಕ್ಕಿಟ್ಟುಕೊಳ್ಳಬಾರದು ಎಂದು ಅದು ಪಟ್ಟು ಹಿಡಿದಾಗ ವಿಶ್ವ ಆಹಾರ ಕಾರ್ಯಕ್ರಮ 2010ರ ಜನವರಿಯಲ್ಲಿ ಅಲ್ಲಿನ ಕೆಲಸ ನಿಲ್ಲಿಸಿತು. ಮರುತಿಂಗಳು ಅಲ್-ಶಬಾಬ್ ತಾನೇ ಅದನ್ನು ನಿಷೇಧಿಸಿತು. ಅತ್ತ ಅಮೆರಿಕ 2008ರಲ್ಲೇ ಅಲ್-ಶಬಾಬನ್ನು ಭಯೋತ್ಪಾದಕ ಪಟ್ಟಿಗೆ ಸೇರಿಸಿತ್ತು. ತಡೆಗೋಲಿನಲ್ಲಿ ಒಂದು ಮೂಟೆ ಕೈಬಿಟ್ಟರೂ ಕಾನೂನಿನಡಿ ಅಪರಾಧವಾದೀತೆಂಬ ಭಯದಲ್ಲಿ ಸಂಸ್ಥೆಗಳು ಹಿಂಜರಿದವು. ಅಮೆರಿಕದ ನೆರವು ಕ್ಷಾಮಕ್ಕೆ ಮುಂಚಿನ ವರ್ಷಗಳಲ್ಲೇ ಕುಸಿಯಿತು. ಆಹಾರದ ನೆರವಿನ ದೊಡ್ಡ ಪಾಲು ಗುತ್ತಿಗೆದಾರರು ಮತ್ತು ಬಂಡುಕೋರರ ಪಾಲಾಗುತ್ತಿದೆಯೆಂದು ವಿಶ್ವಸಂಸ್ಥೆಯ ನಿಗಾ ತಂಡ 2010ರ ಮಾರ್ಚ್‌ನಲ್ಲಿ ವರದಿ ಮಾಡಿತು. ವಿಶ್ವ ಆಹಾರ ಕಾರ್ಯಕ್ರಮ ಅದನ್ನು ಅಲ್ಲಗಳೆಯಿತು. ವಾದ ನಡೆಯುತ್ತಿದ್ದಾಗ ಜನ ನಡೆಯುತ್ತಿದ್ದರು. 90,000 ಜನರಿಗೆಂದು ಯೋಜಿಸಿದ್ದ ಕೆನ್ಯಾದ ದದಾಬ್ ಶಿಬಿರಗಳಲ್ಲಿ ಆ ವರ್ಷ ನಿರಾಶ್ರಿತರು ನಾಲ್ಕೂವರೆ ಲಕ್ಷ ಮೀರಿದರು. ದಾರಿಯಲ್ಲೇ ಮಕ್ಕಳನ್ನು ಮಣ್ಣುಮಾಡಿ ಬಂದ ತಾಯಂದಿರು ಅವರಲ್ಲಿದ್ದರು.

2011ರ ಜುಲೈ 20ರಂದು ದಕ್ಷಿಣ ಬಕೂಲ್ ಮತ್ತು ಕೆಳ ಶಬೆಲ್ಲೆಯಲ್ಲಿ ಕ್ಷಾಮ ಘೋಷಣೆಯಾಯಿತು. ಆಗ ಹಣ ಬಂತು, ಧಾರಾಳವಾಗಿಯೇ ಬಂತು. 2012ರ ಫೆಬ್ರುವರಿ 3ರಂದು ಕ್ಷಾಮ ಮುಗಿಯಿತೆಂದು ಸಾರಲಾಯಿತು. 2010ರ ಅಕ್ಟೋಬರಿನಿಂದ 2012ರ ಏಪ್ರಿಲ್‌ವರೆಗೆ ಸತ್ತವರು ಸುಮಾರು 2,58,000, ಅವರಲ್ಲಿ ಐದು ವರ್ಷದೊಳಗಿನ ಮಕ್ಕಳೇ 1,33,000 ಎಂದು 2013ರ ಅಧ್ಯಯನ ಲೆಕ್ಕ ಹಾಕಿತು. ಸುಮಾರು ಅರ್ಧದಷ್ಟು ಸಾವು ಘೋಷಣೆಗೆ ಮುನ್ನವೇ ಆಗಿಹೋಗಿತ್ತು. ಈ ಸಲವೂ ಹೆಚ್ಚು ಸತ್ತವರು ರಹನ್ವೇಯ್ನರು ಮತ್ತು ಬಂಟುಗಳು. ವಿದೇಶದಲ್ಲಿ ದುಡಿದು ಹಣ ಕಳಿಸುವ ನೆಂಟರು ಅವರಿಗೆ ಕಡಿಮೆ. ಈ ಒಂದು ಕೊರತೆ ಮಳೆಯ ಕೊರತೆಗಿಂತ ಮಾರಕವಾಯಿತು.

ಹವಾಲಾ, ಮೊಬೈಲು, ಕಪ್ಪು ಬೆಕ್ಕು

ಮೂಟೆ ಹೋಗದ ಜಾಗಕ್ಕೆ ಹಣ ಹೋಗುತ್ತದೆಂದು ಸಂಸ್ಥೆಗಳು ದೊಡ್ಡ ಪ್ರಮಾಣದಲ್ಲಿ ಕಂಡುಕೊಂಡದ್ದು 2011ರಲ್ಲಿ. ಬ್ಯಾಂಕ್‌ಗಳೇ ಅಪರೂಪವಾಗಿದ್ದ ದೇಶದಲ್ಲಿ ಹವಾಲಾ ಅಂಗಡಿಗಳು ಸಂದುಗೊಂದಿಯಲ್ಲೂ ಇದ್ದವು. ನಮ್ಮಲ್ಲಿ ಆ ಪದಕ್ಕೆ ಅಂಟಿರುವ ಕಳ್ಳದಂಧೆಯ ವಾಸನೆ ಅಲ್ಲಿಲ್ಲ. ಲಂಡನ್ನಿನ, ಮಿನಿಯಾಪೊಲಿಸ್‌ನ ಮಗ ತಾಯಿಗೆ ತಿಂಗಳ ಹಣ ಕಳಿಸುವ ರಾಜಮಾರ್ಗವೇ ಅದು. ಹೀಗೆ ಬರುವ ಹಣ ವರ್ಷಕ್ಕೆ 100 ಕೋಟಿ ಡಾಲರ್ ಮೀರುತ್ತದೆ. 2001ರ ನವೆಂಬರಿನಲ್ಲಿ ಅಮೆರಿಕ ಭಯೋತ್ಪಾದನೆಯ ಶಂಕೆಯಿಂದ ‘ಅಲ್-ಬರಕಾತ್’ ಎಂಬ ದೊಡ್ಡ ಹವಾಲಾ ಸಂಸ್ಥೆಯನ್ನು ಮುಚ್ಚಿಸಿದಾಗ ಹಸಿವಿನ ಹೊಡೆತ ನೇರವಾಗಿ ಸೊಮಾಲಿ ಅಡುಗೆಮನೆಗಳಿಗೆ ಬಿದ್ದಿತ್ತು.

ಅದೇ ಜಾಲದ ಮೂಲಕ ಸ್ವಯಂಸೇವಾ ಸಂಸ್ಥೆಗಳು ಮತ್ತು ಯುನಿಸೆಫ್ 2011–12ರಲ್ಲಿ 10 ಲಕ್ಷಕ್ಕೂ ಹೆಚ್ಚು ಜನರಿಗೆ ನಗದು ಅಥವಾ ಚೀಟಿ ಮುಟ್ಟಿಸಿದವು. ಕಾಳಿನ ವ್ಯಾಪಾರಿಗೆ ಎಲ್ಲ ಕುಲದವರೂ ಗಿರಾಕಿಗಳೇ. ಅವನ ಲಾರಿ ತಡೆಗೋಲು ದಾಟುವ ಬಗೆ ಅವನಿಗೆ ಗೊತ್ತು. ಕೊಳ್ಳುವವನ ಕೈಯಲ್ಲಿ ಹಣವಿದ್ದರೆ ಕಾಳು ತಾನಾಗಿ ಊರಿಗೆ ಬರುತ್ತದೆ ಎಂಬ ನಂಬಿಕೆ ಬಹುಮಟ್ಟಿಗೆ ನಿಜವಾಯಿತು. ಉತ್ತರದ ಸೊಮಾಲಿಲ್ಯಾಂಡಿನಲ್ಲಿ 2009ರಲ್ಲಿ ಶುರುವಾದ ‘ಝಾದ್’, ದಕ್ಷಿಣದ ‘ಇವಿಸಿ ಪ್ಲಸ್’ ಎಂಬ ಮೊಬೈಲ್ ಹಣ ಪದ್ಧತಿಗಳು ಬಂದಮೇಲೆ ಸಾಲು ನಿಲ್ಲುವುದೂ ತಪ್ಪಿತು. 2020ರಲ್ಲಿ ವಿಶ್ವಬ್ಯಾಂಕ್ ಹಣದಿಂದ ಸರ್ಕಾರವೇ ಆರಂಭಿಸಿದ ‘ಬಹ್ನಾನೊ’ ಯೋಜನೆ ಸುಮಾರು ಎರಡು ಲಕ್ಷ ಬಡ ಕುಟುಂಬಗಳಿಗೆ ಇದೇ ದಾರಿಯಲ್ಲಿ ಹಣ ಕಳಿಸತೊಡಗಿತು.

ಹಾಗೆಂದು ಮೊಬೈಲಿನ ಹಣ ದೋಚಲಾಗದ್ದೇನೂ ಅಲ್ಲ. ಗುಳೆ ಬಂದವರು ನೆಲೆಸುವ ಬಯಲು ಖಾಸಗಿಯವರದು. ಅದನ್ನು ನೋಡಿಕೊಳ್ಳುವ ದಳ್ಳಾಳಿಗಳನ್ನು ಜನ ‘ಮುಕುಲಾಲ್ ಮದೋವ್’, ಅಂದರೆ ಕಪ್ಪು ಬೆಕ್ಕು, ಎನ್ನುತ್ತಾರೆ. ಜಾಗಕ್ಕೆ, ಕಾವಲಿಗೆ, ಪಟ್ಟಿಯಲ್ಲಿ ಹೆಸರು ಬರೆಸಿದ್ದಕ್ಕೆ ಎಂದು ನೆರವಿನ ಒಂದು ಪಾಲನ್ನು ಅವರು ಕಿತ್ತುಕೊಳ್ಳುತ್ತಾರೆ; ಕೆಲವರು ನಿಜಕ್ಕೂ ನೀರು, ಶೌಚಾಲಯ ಒದಗಿಸುವವರೂ ಹೌದು. ಈ ಬಗೆಯ ಸೋರಿಕೆ ವ್ಯಾಪಕವೆಂದು ವಿಶ್ವಸಂಸ್ಥೆಯ ಒಳತನಿಖೆ ಕಂಡುಕೊಂಡಾಗ, 2023ರ ಸೆಪ್ಟೆಂಬರಿನಲ್ಲಿ ಯುರೋಪಿಯನ್ ಒಕ್ಕೂಟ ವಿಶ್ವ ಆಹಾರ ಕಾರ್ಯಕ್ರಮಕ್ಕೆ ಅಲ್ಲಿ ಕೊಡುತ್ತಿದ್ದ ಹಣವನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು.

2017 ಮತ್ತು 2022

2016–17ರ ಬರಕ್ಕೆ ‘ಸಿಮಾ’ ಎಂದು ಹೆಸರು: ಎಲ್ಲರನ್ನೂ ಸಮ ಮಾಡಿದ್ದು. ಈ ಸಲ ಘೋಷಣೆಗೆ ಕಾಯಲಿಲ್ಲ. 2017ರ ಫೆಬ್ರುವರಿ 28ರಂದು ಅಧ್ಯಕ್ಷ ಫರ್ಮಾಜೊ ರಾಷ್ಟ್ರೀಯ ವಿಪತ್ತು ಸಾರಿದರು, ದಾನಿ ದೇಶಗಳು ವರ್ಷದ ಮೊದಲ ತಿಂಗಳುಗಳಲ್ಲೇ ಹಣ ಬಿಡುಗಡೆ ಮಾಡಿದವು, ತಿಂಗಳಿಗೆ 30 ಲಕ್ಷ ಮೀರಿ ಜನರಿಗೆ ಆಹಾರವೋ ನಗದೋ ಮುಟ್ಟಿತು. 2011ರಲ್ಲಿ ಅಲ್-ಶಬಾಬ್ ಕೈಯಲ್ಲಿದ್ದ ಬೈಡೋವಾದಂಥ ಪಟ್ಟಣಗಳು ಈಗ ಸರ್ಕಾರದ ಹಾಗೂ ಆಫ್ರಿಕನ್ ಒಕ್ಕೂಟದ ಪಡೆಗಳ ರಕ್ಷಣೆಯಲ್ಲಿದ್ದುದು ದೊಡ್ಡ ಅನುಕೂಲ. ಕ್ಷಾಮ ತಪ್ಪಿತು.

ಅನಂತರದ್ದು ಇನ್ನೂ ಉದ್ದದ ಬರ. 2020ರ ಕೊನೆಯಿಂದ ಸತತ ಐದು ಮಳೆಗಾಲ ವಿಫಲವಾದವು. ಗೋಧಿಯ ಶೇ. 90ರಷ್ಟನ್ನು ರಷ್ಯಾ ಮತ್ತು ಉಕ್ರೇನ್‌ಗಳಿಂದ ತರಿಸುತ್ತಿದ್ದ ದೇಶದಲ್ಲಿ 2022ರ ಯುದ್ಧ ಹಿಟ್ಟಿನ ಬೆಲೆ ಏರಿಸಿತು. 10 ಲಕ್ಷಕ್ಕೂ ಹೆಚ್ಚು ಜನ ಗುಳೆ ಎದ್ದರು, 38 ಲಕ್ಷ ಜಾನುವಾರು ಸತ್ತವು. ಬೈಡೋವಾ ಪಟ್ಟಣದ ಸುತ್ತ ಐನೂರಕ್ಕೂ ಹೆಚ್ಚು ಗುಡಿಸಲು ಶಿಬಿರಗಳೆದ್ದವು. ಬೈಡೋವಾ ಮತ್ತು ಬುರ್ಹಕಬದಲ್ಲಿ ಕ್ಷಾಮ ಬೀಳಲಿದೆಯೆಂದು ಸೆಪ್ಟೆಂಬರಿನಲ್ಲಿ ಮುನ್ಸೂಚನೆ ಬಂತು, ನೆರವು ಹೆಚ್ಚಿತು, ಘೋಷಣೆಯಾಗುವ ಮಟ್ಟ ಮುಟ್ಟಲಿಲ್ಲ. ಆದರೆ 2022ರ ಒಂದೇ ವರ್ಷದಲ್ಲಿ ಬರದಿಂದ ಹೆಚ್ಚುವರಿಯಾಗಿ ಸತ್ತವರು ಸುಮಾರು 43,000, ಅರ್ಧದಷ್ಟು ಐದರೊಳಗಿನ ಮಕ್ಕಳು ಎಂದು ಮರುವರ್ಷದ ಅಧ್ಯಯನ ಹೇಳಿತು. ಕ್ಷಾಮ ತಪ್ಪಿಸಿದೆವೆಂಬ ಹೆಮ್ಮೆಯ ಪಕ್ಕದಲ್ಲಿ ಈ ಅಂಕಿಯನ್ನೂ ಇಡಬೇಕು.

ಕಾನೂನು ಮಾತ್ರ ಸ್ವಲ್ಪ ಮುಂದೆ ಬಂದಿದೆ. ಹಸಿವನ್ನು ಯುದ್ಧದ ಅಸ್ತ್ರವಾಗಿ ಬಳಸುವುದನ್ನು ಭದ್ರತಾ ಮಂಡಳಿಯ 2417ನೇ ನಿರ್ಣಯ 2018ರಲ್ಲಿ ಖಂಡಿಸಿತು. 2022ರ ಡಿಸೆಂಬರಿನ 2664ನೇ ನಿರ್ಣಯ ವಿಶ್ವಸಂಸ್ಥೆಯ ನಿರ್ಬಂಧಗಳಿಂದ ಮಾನವೀಯ ನೆರವಿಗೆ ವಿನಾಯಿತಿ ಕೊಟ್ಟಿತು. 2011ಕ್ಕೆ ಮೊದಲೇ ಎಲ್ಲ ದೇಶಗಳೂ ಇಂಥದೊಂದನ್ನು ಒಪ್ಪಿದ್ದರೆ ಎಂದು ಯಾರಿಗಾದರೂ ಅನ್ನಿಸದೆ ಇರದು.

ತಮ್ಮವರ ನೆರವು

ಹೊರಗಿನ ವರದಿಗಳಲ್ಲಿ ಸೊಮಾಲಿಗಳು ಕೈಚಾಚಿ ನಿಂತವರಾಗಿಯೇ ಕಾಣುತ್ತಾರೆ. ವಾಸ್ತವದಲ್ಲಿ ಲಾರಿ ಬರುವ ಮುನ್ನ ಬರುವುದು ‘ಖಾರಾನ್’: ಕುಲದವರೆಲ್ಲ ಕೈಲಾದಷ್ಟು ಹಾಕಿ ಕಷ್ಟದಲ್ಲಿರುವವನನ್ನು ಎತ್ತುವ ವಂತಿಗೆ. ಝಕಾತ್, ಮಸೀದಿಯ ಸಂಗ್ರಹ, ವಿದೇಶದಲ್ಲಿರುವವರ ವಾಟ್ಸ್ಯಾಪ್ ಗುಂಪುಗಳು ಇದಕ್ಕೆ ಸೇರುತ್ತವೆ. ಒಂಟೆಗಳಿಗೆ ನೀರು ಕಟ್ಟುವ ಟ್ಯಾಂಕರ್‌ಗೆ ಮೊದಲ ಹಣ ಬರುವುದು ಹೆಚ್ಚಾಗಿ ಇಲ್ಲಿಂದ.

ವೈದ್ಯೆ ಹವಾ ಅಬ್ದಿಯವರ ಹೆಸರನ್ನು ಬಿಟ್ಟು ಈ ಲೇಖನ ಪೂರ್ಣವಾಗದು. ಮೊಗದಿಶುವಿನ ಹೊರಗೆ ಅಫ್ಗೋಯೆ ದಾರಿಯಲ್ಲಿದ್ದ ತಮ್ಮ ಕುಟುಂಬದ ಹೊಲದಲ್ಲಿ ಅವರು ಹೆರಿಗೆಯ ಚಿಕಿತ್ಸಾಲಯ ತೆರೆದಿದ್ದರು. ಯುದ್ಧ ಬಂದಾಗ ಹೊಲವೇ ಶಿಬಿರವಾಯಿತು. ಒಂದು ಹಂತದಲ್ಲಿ ಸುಮಾರು 90,000 ಜನ ಅಲ್ಲಿದ್ದರು. ಕುಲದ ಹೆಸರು ಹೇಳಬಾರದು, ಹೆಂಡತಿಯನ್ನು ಹೊಡೆಯಬಾರದು ಎಂಬುವು ಅಲ್ಲಿನ ನಿಯಮ. ಹೊಡೆದವನನ್ನು ಕೂಡಿಹಾಕಲು ಒಂದು ಕೋಣೆಯೂ ಇತ್ತು. 2010ರ ಮೇ ತಿಂಗಳಲ್ಲಿ ನೂರಾರು ಬಂದೂಕುಧಾರಿಗಳು ನುಗ್ಗಿ ಆಸ್ಪತ್ರೆ ಹಾಳುಮಾಡಿದಾಗ, ಕ್ಷಮೆಯನ್ನು ಬರವಣಿಗೆಯಲ್ಲಿ ಕೊಡುವವರೆಗೂ ಅವರು ಬಿಡಲಿಲ್ಲ. 2020ರಲ್ಲಿ ತೀರಿಕೊಂಡರು.

ನೆರವಿನ ಹಣದ ಕಾಲು ಭಾಗವನ್ನು ಸ್ಥಳೀಯ ಸಂಸ್ಥೆಗಳಿಗೇ ಕೊಡಬೇಕೆಂದು 2016ರ ಇಸ್ತಾಂಬುಲ್ ಶೃಂಗಸಭೆಯಲ್ಲಿ ದೊಡ್ಡ ದಾನಿಗಳು ಮಾತು ಕೊಟ್ಟರು. ಆ ಮಾತು ಬಹುಪಾಲು ಕಾಗದದಲ್ಲೇ ಇದೆ. ಅಪಾಯ ಮಾತ್ರ ಸ್ಥಳೀಯರ ಪಾಲು. ಗಡಿಗಳಿಲ್ಲದ ವೈದ್ಯರು ಸಂಸ್ಥೆ 22 ವರ್ಷಗಳ ಕೆಲಸದ ನಂತರ 2013ರಲ್ಲಿ ಸೊಮಾಲಿಯಾ ಬಿಟ್ಟಾಗ ಅದರ 16 ಸಿಬ್ಬಂದಿ ಅಲ್ಲಿ ಹತರಾಗಿದ್ದರು. ಅದು ಮರಳಿ ಬಂದದ್ದು 2017ರಲ್ಲಿ.

ಇತ್ತೀಚಿನ ಸ್ಥಿತಿ

2022ರ ನೆರವಿನಲ್ಲಿ ಅತಿ ದೊಡ್ಡ ಪಾಲು ಅಮೆರಿಕದ್ದಾಗಿತ್ತು. 2025ರ ಜನವರಿಯಲ್ಲಿ ಆ ದೇಶ ವಿದೇಶಿ ನೆರವನ್ನು ತಡೆಹಿಡಿದು, ಜುಲೈ 1ರಂದು ‘ಯುಎಸ್‌ಏಡ್’ ಸಂಸ್ಥೆಯನ್ನೇ ಮುಚ್ಚಿತು. ಯುರೋಪಿನ ಹಲವು ದೇಶಗಳೂ ತಮ್ಮ ಪಾಲು ತಗ್ಗಿಸಿದವು. ಮಳೆ ಮತ್ತೆ ಕೈಕೊಟ್ಟು ಸೊಮಾಲಿಯಾ ಸರ್ಕಾರ ಬರಗಾಲದ ತುರ್ತುಸ್ಥಿತಿ ಸಾರಿದ್ದು ಅದೇ ವರ್ಷದ ನವೆಂಬರಿನಲ್ಲಿ. ವಿಶ್ವ ಆಹಾರ ಕಾರ್ಯಕ್ರಮದ ತುರ್ತು ಆಹಾರ ಆಗಸ್ಟ್‌ನಲ್ಲಿ 11 ಲಕ್ಷ ಜನರಿಗೆ ಸಿಗುತ್ತಿತ್ತು. ಹಣವಿಲ್ಲದೆ ನವೆಂಬರ್‌ಗೆ ಆ ಸಂಖ್ಯೆಯನ್ನು 3,50,000ಕ್ಕೆ ಇಳಿಸಬೇಕಾಗುವುದೆಂದು ಸಂಸ್ಥೆ ಮೊದಲೇ ಪ್ರಕಟಿಸಿತ್ತು.